‘ಗಂಟೆ ಇದೆ’ ಎನ್ನುವ ಮಕ್ಕಳಿಗೆ ‘ಡಸ್’ ಕಲಿಸುವ ಬಗೆ

ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಸಿದ್ಧಿವಿನಾಯಕನಿಗೆ ಘಂಟೆ ಗಣಪತಿ ಎಂದೇ ಹೆಸರು. ಹರಕೆ ಹೊತ್ತವರು ಕೆಲಸ ಕೈಗೂಡಿದ ಮೇಲೆ ಬಂದು ಗಂಟೆ ಕಟ್ಟಿ ಹೋಗುತ್ತಾರೆ. ಹಾಗೆ ಕಟ್ಟಿದ ಸಣ್ಣವು, ದೊಡ್ಡವು ಎಲ್ಲವೂ ಅಲ್ಲಿ ಸಾಲುಸಾಲಾಗಿ ತೂಗುತ್ತವೆ. ಆ ಸೀಮೆಯ ಶಾಲೆಯೊಂದರಲ್ಲಿ ಈ ದೇವಸ್ಥಾನದ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಲು ಹೇಳಿದರೆ ಗಂಟೆಯ ಮಾತು ಬಾರದೆ ಇರದು. ‘ದೇರ್ ಈಸ್ ಮೆನಿ ಬೆಲ್ಸ್’ ಎಂದು ಬರೆಯುವ ಮಕ್ಕಳೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಕೆಂಪು ಶಾಯಿಯ ಪೆನ್ನು ‘ಈಸ್’ ಮೇಲೆ ಗೀಟೆಳೆದು ‘ಆರ್’ ಎಂದು ತಿದ್ದುತ್ತದೆ. ಮಗು ತಿದ್ದಿದ್ದನ್ನು ಮೂರು ಸಲ ಬರೆದು ತೋರಿಸುತ್ತದೆ. ಮುಂದಿನ ವಾರ ಮತ್ತೆ ‘ಈಸ್’.

ಮಗುವಿನ ಮನೆಯ ಮಾತನ್ನು ಒಮ್ಮೆ ಕೇಳಿಸಿಕೊಂಡರೆ ಈ ‘ಈಸ್’ ಎಲ್ಲಿಂದ ಬಂತೆಂದು ತಿಳಿಯುತ್ತದೆ. ತೋಟದಲ್ಲಿ ಐನೂರು ಅಡಿಕೆ ಮರ ಇದೆ. ಕೊಟ್ಟಿಗೆಯಲ್ಲಿ ನಾಲ್ಕು ದನ ಇದೆ. ದೇವಸ್ಥಾನದಲ್ಲಿ ಸಾವಿರಾರು ಗಂಟೆ ಇದೆ. ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದ ಮೇಲೆ ಮರಕ್ಕೋ ಗಂಟೆಗೋ ‘ಗಳು’ ಹಚ್ಚುವ ಅಗತ್ಯ ಆಡುಗನ್ನಡಕ್ಕಿಲ್ಲ, ಕ್ರಿಯಾಪದವೂ ಏಕವಚನದಲ್ಲೇ ಉಳಿಯುತ್ತದೆ. ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ ಕಟ್ಟು ಬಿಗಿ: ಮನೆಯಲ್ಲಿ ಐದು ಜನ ‘ಇದೆ’ ಎಂದು ಯಾರೂ ಹೇಳುವುದಿಲ್ಲ, ‘ಇದ್ದಾರೆ’ ಎನ್ನುತ್ತಾರೆ. ಅಂದರೆ ಆ ಮಗು ನಿಯಮ ಮುರಿದಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ ಒಂದು ನಿಯಮವನ್ನು, ಅದು ನಡೆಯದ ಊರಿಗೆ ಒಯ್ದಿದೆ ಅಷ್ಟೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರುಮಾಡಿದ್ದು 2007ರಲ್ಲಿ. ಆ ಮಕ್ಕಳು ಹತ್ತನೇ ತರಗತಿಗೆ ಬರುವಷ್ಟರಲ್ಲಿ ‘ಈಸ್, ಆರ್, ಡು, ಡಸ್, ಹ್ಯಾಸ್, ಹ್ಯಾವ್’ಗಳ ಪಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ಕಂಡಿರುತ್ತಾರೆ. ಮಗ್ಗಿ ಒಪ್ಪಿಸಿದ ಹಾಗೆ ‘ಹಿ, ಶಿ, ಇಟ್ — ಡಸ್, ಐ, ವಿ, ಯು, ದೇ — ಡು’ ಎಂದು ಒಪ್ಪಿಸಲೂ ಬಲ್ಲರು. ಆದರೂ ಬರೆಯುವಾಗ ‘ಹಿ ಡಸ್ ನಾಟ್ ಗೋಸ್’ ಎಂದಾಗುತ್ತದೆ, ಮಾತನಾಡುವಾಗ ‘ಹಿ ಡೋಂಟ್ ನೋ’ ಎಂದಾಗುತ್ತದೆ. ಇದಕ್ಕೆ ಮಕ್ಕಳ ದಡ್ಡತನವನ್ನೋ ಹಳ್ಳಿಯ ಶಾಲೆಯನ್ನೋ ದೂರುವುದು ಸುಲಭ. ಆ ದೂರು ತಪ್ಪು. ಕರ್ತೃವಿಗೆ ತಕ್ಕಂತೆ ಕ್ರಿಯಾಪದವನ್ನು ಹೊಂದಿಸುವ ಕೆಲಸದಲ್ಲಿ ಕನ್ನಡದ ಮಗು ಇಂಗ್ಲಿಷಿನ ಮಗುವಿಗಿಂತ ಎಷ್ಟೋ ಹೆಚ್ಚು ಪಳಗಿದೆ. ಆ ಪಳಗಿದ ಕೈಯನ್ನು ಇಂಗ್ಲಿಷ್ ತರಗತಿಯ ಬಾಗಿಲಲ್ಲೇ ಕಟ್ಟಿಹಾಕುವುದು ನಮ್ಮ ಕಲಿಕೆಯ ಕ್ರಮದ ದೋಷ.

‘ಬರು’ ಎಂಬ ಒಂದು ಧಾತುವಿನ ಭೂತಕಾಲವನ್ನೇ ನೋಡಿ: ಬಂದೆನು, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂದಿತು, ಬಂದರು, ಬಂದವು. ಒಂಬತ್ತು ರೂಪ. ಪುರುಷ, ಲಿಂಗ, ವಚನ ಮೂರನ್ನೂ ನೋಡಿಕೊಂಡು ಪ್ರತ್ಯಯ ಹಚ್ಚಬೇಕು. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಮಗು ಇದನ್ನು ತಪ್ಪಿಲ್ಲದೆ ಮಾಡುತ್ತದೆ. ಇದೇ ಕೆಲಸಕ್ಕೆ ಇಂಗ್ಲಿಷಿನಲ್ಲಿರುವುದು ‘ಕೇಮ್’ ಎಂಬ ಒಂದೇ ರೂಪ. ವರ್ತಮಾನದಲ್ಲಿ ‘ಕಮ್’, ‘ಕಮ್ಸ್’ ಎಂದು ಎರಡು. ‘ಬಿ’ ಎಂಬ ಧಾತುವಿಗೆ ‘ಆಮ್, ಈಸ್, ಆರ್’ ಎಂದು ಮೂರು, ಭೂತಕಾಲದಲ್ಲಿ ‘ವಾಸ್, ವರ್’ ಎಂದು ಎರಡು. ಇಂಗ್ಲಿಷಿನಲ್ಲಿ ಉಳಿದಿರುವುದು ಇಷ್ಟೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕ ಮನೆಗಳಲ್ಲಿ ಈ ಲೆಕ್ಕ ಇನ್ನೊಂದು ಬಗೆ. ಅಲ್ಲಿ ಹುಡುಗನಿಗೆ ಮಾಣಿ, ಹುಡುಗಿಗೆ ಕೂಸು. ಮಾಣಿ ಬಂದ, ಕೂಸು ಬಂತು. ಅಪ್ಪ ಬಂದ, ಆಯಿ ಬಂತು. ಮಾಣಿ ಇದ್ದ, ಕೂಸು ಇದ್ದು. ಸ್ತ್ರೀಲಿಂಗಕ್ಕೆ ಬೇರೆ ಕ್ರಿಯಾರೂಪವಿಲ್ಲ, ನಪುಂಸಕದ್ದೇ ಸಾಕು. ಬೆಂಗಳೂರಿನ ಕಿವಿಗೆ ‘ಇದ್ದು’ ಎಂದರೆ ಮುಗಿಯದ ಮಾತಿನಂತೆ ಕೇಳಿಸಬಹುದು, ಶಿರಸಿಯಲ್ಲಿ ಅದು ‘ಇದೆ’. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಹವ್ಯಕ ಆಡುನುಡಿಗೇ ಒಂದು ವ್ಯಾಕರಣ ಬರೆದರು, ಅದನ್ನು ಪುಣೆಯ ಡೆಕ್ಕನ್ ಕಾಲೇಜು 1971ರಲ್ಲಿ ಪ್ರಕಟಿಸಿತು. ಮನೆಯಲ್ಲಿ ಎರಡು ರೂಪ ಬಳಸಿ, ಶಾಲೆಗೆ ಬಂದು ಬರಹದ ಕನ್ನಡದಲ್ಲಿ ‘ಬಂದಳು’ ಎಂಬ ಮೂರನೆಯದನ್ನು ಕಲಿತು, ಎರಡನ್ನೂ ಬೆರಕೆಯಾಗದಂತೆ ನಡೆಸುವ ಮಗುವಿಗೆ ‘ಹಿ, ಶಿ, ಇಟ್’ ಮೂರಕ್ಕೂ ‘ಈಸ್’ ಎನ್ನುವ ಇಂಗ್ಲಿಷಿನ ಲೆಕ್ಕ ಹೆಚ್ಚಿನದಲ್ಲ. ಹಾಗಿದ್ದೂ ಅದು ಭಾರವಾಗುತ್ತಿದೆ ಎಂದರೆ ತೊಡಕು ಬೇರೆ ಎಲ್ಲೋ ಇದೆ.

ಆ ತೊಡಕು ಹೆಲ್ಪಿಂಗ್ ವರ್ಬಿನಲ್ಲಿದೆ. ‘ಹಿ ಗೋಸ್’ ಎಂದು ಕಲಿತ ಮಗುವಿಗೆ ‘ಡಸ್ ಹಿ ಗೋ’ ಎನ್ನುವಾಗ ‘ಗೋಸ್’ನ ಬಾಲ ಎಲ್ಲಿಗೆ ಹೋಯಿತು ಎಂದು ಗೊತ್ತಾಗುವುದಿಲ್ಲ. ‘ಡಸ್ ಬಂದರೆ ಎಸ್ ಹಾಕಬಾರದು’ ಎಂದು ಹೇಳಿಕೊಡುತ್ತಾರೆ. ಅದು ಸರಿಯೇ, ಆದರೆ ಅಪ್ಪಣೆಯ ಹಾಗಿದೆ. ಅಪ್ಪಣೆ ಪರೀಕ್ಷೆಯ ತನಕ ನೆನಪಿರುತ್ತದೆ.

ಇದೇ ಸಂಗತಿ ಕನ್ನಡದಲ್ಲಿ ಹೇಗೆ ನಡೆಯುತ್ತದೆ ನೋಡಿ. ‘ಅವನು ಹೋಗುತ್ತಿದ್ದಾನೆ’ ಎಂಬಲ್ಲಿ ಎರಡು ಕ್ರಿಯೆ ಕೂಡಿವೆ, ‘ಹೋಗುತ್ತ’ ಮತ್ತು ‘ಇದ್ದಾನೆ’. ಅವನು ಹೋಗಿ ಅವಳು ಬಂದರೆ ‘ಹೋಗುತ್ತಿದ್ದಾಳೆ’, ಅವರು ಬಂದರೆ ‘ಹೋಗುತ್ತಿದ್ದಾರೆ’. ಬದಲಾಗುವುದು ‘ಇರು’ ಮಾತ್ರ, ‘ಹೋಗುತ್ತ’ ಕದಲುವುದಿಲ್ಲ. ‘ಹೋಗುತ್ತಾನೆ ಇದ್ದಾನೆ’ ಎಂದು ಎರಡಕ್ಕೂ ಪ್ರತ್ಯಯ ಹಚ್ಚಿದ ಮಗು ಕನ್ನಡನಾಡಿನಲ್ಲಿ ಎಲ್ಲೂ ಸಿಗದು. ‘ಹೋಗಿದ್ದಾನೆ’ ಎನ್ನುತ್ತೇವೆ, ‘ಹೋದನು ಇದ್ದಾನೆ’ ಎನ್ನುವುದಿಲ್ಲ. ‘ಕಾಯುತ್ತಾ ಬಂದಿದ್ದಾನೆ’ ಎಂಬಲ್ಲಿ ಕಾಯುವುದು, ಬರುವುದು, ಇರುವುದು ಹೀಗೆ ಮೂರು ಕ್ರಿಯೆಗಳಿದ್ದರೂ ಕರ್ತೃವಿನ ಗುರುತು ಹೊತ್ತಿರುವುದು ಒಂದೇ. ಇಂಗ್ಲಿಷಿನ ‘ಹ್ಯಾಸ್ ಬೀನ್ ವೇಟಿಂಗ್’ ಎಂಬಲ್ಲಿಯೂ ಮೂರು ಕ್ರಿಯೆ, ಗುರುತು ‘ಹ್ಯಾಸ್’ ಒಂದರ ಮೇಲೆ. ‘ಹಿ ಡಸ್ ನಾಟ್ ಗೋಸ್’ ಎಂಬುದು ಯಾವ ತಪ್ಪು ಎಂದು ಮಗುವಿಗೆ ಹೇಳಬೇಕಾದರೆ ‘ಹೋಗುತ್ತಾನೆ ಇದ್ದಾನೆ’ ಎಂದು ಬೋರ್ಡಿನ ಮೇಲೆ ಬರೆದರೆ ಸಾಕು. ತರಗತಿ ಗೊಳ್ಳೆಂದು ನಗುತ್ತದೆ, ಆ ನಗುವಿನಲ್ಲೇ ಪಾಠ ಮುಗಿದಿರುತ್ತದೆ.

ವ್ಯತ್ಯಾಸವಿರುವುದು ಒಂದು ಕಡೆ. ಕನ್ನಡದ ಸರಪಳಿಯಲ್ಲಿ ಕರ್ತೃವಿನ ಗುರುತು ಕೊನೆಯ ಕೊಂಡಿಯ ಮೇಲೆ ಬೀಳುತ್ತದೆ, ಇಂಗ್ಲಿಷಿನ ಸರಪಳಿಯಲ್ಲಿ ಮೊದಲ ಕೊಂಡಿಯ ಮೇಲೆ. ವಾಕ್ಯದಲ್ಲಿ ಕ್ರಿಯಾಪದವನ್ನು ಕನ್ನಡ ಕೊನೆಗೆ ಇಡುತ್ತದೆ, ಇಂಗ್ಲಿಷ್ ಕರ್ತೃವಿನ ಬೆನ್ನಿಗೇ ಇಡುತ್ತದೆ. ಸರಪಳಿಯೂ ಅದೇ ದಿಕ್ಕಿಗೆ ತಿರುಗಿಕೊಂಡಿದೆ. ಕನ್ನಡದ ಮಗುವಿನ ಕೈ ಕೊನೆಯ ಕ್ರಿಯೆಗೆ ಪ್ರತ್ಯಯ ಹಚ್ಚಲು ತಾನಾಗಿ ಚಾಚುತ್ತದೆ. ‘ಡಸ್ ನಾಟ್ ಗೋ’ ಎಂಬಲ್ಲಿ ಕೊನೆಯದು ‘ಗೋ’, ಆದ್ದರಿಂದ ಅದು ‘ಗೋಸ್’ ಆಗುತ್ತದೆ. ತಪ್ಪಿನ ಬೇರು ಇಷ್ಟು ಸ್ಪಷ್ಟವಾಗಿ ಕಾಣುವಾಗ ಅದನ್ನು ಮಗುವಿಗೆ ತೋರಿಸದೆ ಇರಲು ಕಾರಣವೇ ಇಲ್ಲ.

‘ಹಿ ಡೋಂಟ್ ನೋ’ ಎಂಬುದರ ಬೇರು ಇನ್ನೂ ಹಳೆಯದು. ಹಳಗನ್ನಡದ ನಿಷೇಧರೂಪ ಕರ್ತೃವನ್ನು ಅನುಸರಿಸುತ್ತಿತ್ತು: ಬಾರೆಂ, ಬಾರಂ, ಬಾರಳ್. ಇಂದಿಗೂ ಶಾಲೆಯ ವ್ಯಾಕರಣದಲ್ಲಿ ‘ಮಾಡನು, ಮಾಡಳು, ಮಾಡರು’ ಎಂದು ನಿಷೇಧಾರ್ಥಕ ಕಲಿಸುತ್ತಾರೆ. ಆದರೆ ಬಾಯಿಮಾತಿನಲ್ಲಿ ಉಳಿದಿರುವುದು ‘ಇಲ್ಲ’. ನಾನು ಬರುವುದಿಲ್ಲ, ಅವನು ಬರುವುದಿಲ್ಲ, ಅವರು ಬರುವುದಿಲ್ಲ. ‘ಇಲ್ಲ’ಕ್ಕೆ ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ. ಹೌದು ಎನ್ನುವಾಗ ಒಂಬತ್ತು ರೂಪ ನೋಡುವ ಕನ್ನಡ, ಇಲ್ಲ ಎನ್ನುವಾಗ ಯಾರನ್ನೂ ನೋಡುವುದಿಲ್ಲ. ಇಂಗ್ಲಿಷಿನ ಕ್ರಮ ಹಾಗಲ್ಲ, ಅಲ್ಲಿ ಹೌದಿನಲ್ಲಿ ಹೇಗೋ ಇಲ್ಲದಲ್ಲೂ ಹಾಗೆಯೇ ಕರ್ತೃವನ್ನು ನೋಡಬೇಕು. ‘ಇಲ್ಲ’ದ ಜಾಗದಲ್ಲಿ ‘ಡೋಂಟ್’ ಇಟ್ಟುಕೊಂಡ ಮಗು ಎಲ್ಲರಿಗೂ ‘ಡೋಂಟ್’ ಎನ್ನುವುದು ತರ್ಕಬದ್ಧವಾಗಿಯೇ ಇದೆ. ಅಂದಹಾಗೆ ‘ಹಿ ಡೋಂಟ್’ ಎಂಬುದು ಇಂಗ್ಲೆಂಡು, ಅಮೆರಿಕದ ಹಲವು ಆಡುನುಡಿಗಳಲ್ಲಿ ದಿನನಿತ್ಯದ ಮಾತು. ಪರೀಕ್ಷೆಯ ಇಂಗ್ಲಿಷಿಗೆ ಅದು ನಡೆಯದು ಎಂಬುದು ಬೇರೆ ವಿಷಯ.

‘ಹಿ ಈಸ್ ಕಮಿಂಗ್, ಈಸಂಟ್ ಇಟ್?’ ಎಂಬ ಭಾರತದ ಇಂಗ್ಲಿಷಿಗೂ ಇದೇ ಕಾರಣ ಅನ್ವಯಿಸುತ್ತದೆ. ‘ಬರ್ತಾನೆ, ಅಲ್ವಾ?’ ‘ಬರ್ತಾರೆ, ಅಲ್ವಾ?’ — ನಮ್ಮ ‘ಅಲ್ವಾ’ ಕರ್ತೃ ಯಾರೆಂದು ಕೇಳುವುದಿಲ್ಲ. ಇಂಗ್ಲಿಷಿನದು ಕೇಳುತ್ತದೆ.

ಇಷ್ಟು ಹೊತ್ತು ತೊಡಕಿನ ಮಾತಾಯಿತು. ಎರಡು ಭಾಷೆ ಕೈಹಿಡಿದು ನಡೆಯುವ ಜಾಗವೂ ಇದೆ, ಅದನ್ನು ತರಗತಿಯಲ್ಲಿ ಯಾರೂ ಎತ್ತಿ ತೋರಿಸದೆ ಇರುವುದು ದೊಡ್ಡ ನಷ್ಟ. ಕ್ಯಾನ್, ಮೇ, ಮಸ್ಟ್, ಶುಡ್ — ಇವಕ್ಕೆ ‘ಎಸ್’ ಹತ್ತುವುದಿಲ್ಲ. ‘ಹಿ ಮಸ್ಟ್ ಕಮ್’, ‘ದೇ ಮಸ್ಟ್ ಕಮ್’. ಕನ್ನಡದಲ್ಲೂ ಅವನು ಬರಬೇಕು, ಅವರು ಬರಬೇಕು. ಅವಳು ಬರಬಹುದು, ನಾವು ಬರಬಹುದು. ನೀನು ಬರಬಾರದು, ಅವರು ಬರಕೂಡದು. ‘ಬಹುದು’ ಎಂಬುದು ‘ಬರು’ ಧಾತುವಿನ ನಪುಂಸಕ ಏಕವಚನದ ಹಳೆಯ ರೂಪ, ‘ಬಾರದು’ ಅದರದೇ ನಿಷೇಧ, ‘ಕೂಡದು’ ಕೂಡು ಎಂಬುದರ ನಿಷೇಧ. ಒಂದು ಕಾಲಕ್ಕೆ ನಪುಂಸಕಕ್ಕೆ ಮಾತ್ರ ಸಲ್ಲುತ್ತಿದ್ದ ರೂಪಗಳು ಹೆಪ್ಪುಗಟ್ಟಿ ಈಗ ಎಲ್ಲರಿಗೂ ಸಲ್ಲುತ್ತವೆ. ಇಂಗ್ಲಿಷಿನ ಕ್ಯಾನ್, ಮೇ, ಶಲ್, ಮಸ್ಟ್‌ಗಳ ಕಥೆಯೂ ಹೀಗೆಯೇ. ಅವು ಮೂಲದಲ್ಲಿ ಭೂತಕಾಲದ ರೂಪಗಳು, ಬಹಳ ಹಿಂದೆಯೇ ವರ್ತಮಾನದ ಅರ್ಥಕ್ಕೆ ಸರಿದವು. ಭೂತಕಾಲದ ರೂಪಗಳಿಗೆ ಪ್ರಥಮಪುರುಷ ಏಕವಚನದ ಆ ಬಾಲ ಇರಲಿಲ್ಲವಾದ್ದರಿಂದ ಇಂದಿಗೂ ಇಲ್ಲ. ಕನ್ನಡದಲ್ಲಿ ಬಲ್ಲೆ-ಬಲ್ಲಳು-ಬಲ್ಲರು, ಲಾರೆ-ಲಾರ-ಲಾರರು ಮಾತ್ರ ಈ ಗುಂಪಿನಿಂದ ಹೊರಗೆ ನಿಂತು ಕರ್ತೃವನ್ನು ಅನುಸರಿಸುತ್ತವೆ. ‘ಬೇಕು’ ಯಾರಿಗೂ ಬಗ್ಗುವುದಿಲ್ಲ, ‘ಮಸ್ಟ್’ ಕೂಡ ಹಾಗೆಯೇ ಎಂದು ಒಂದೇ ಮಾತು ಹೇಳಿದರೆ ‘ಹಿ ಮಸ್ಟ್ಸ್’ ಎಂಬ ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

ಇನ್ನೊಂದು ಜಾಗ ಗೌರವದ್ದು. ‘ಅಕ್ಕೋರು ಬಂದಿದ್ದಾರೆ’, ‘ಮಾಸ್ತರು ಬಂದಿದ್ದಾರೆ’ ಎಂದು ಒಬ್ಬರಿಗೆ ಬಹುವಚನ ಹಚ್ಚಿ ಬೆಳೆದ ಮಗು ‘ಅವರ್ ಟೀಚರ್ ಹ್ಯಾವ್ ಕಮ್’ ಎಂದು ಬರೆದರೆ ಅದು ಬರೆದದ್ದು ಮರ್ಯಾದೆಯನ್ನು. ಇಂಗ್ಲಿಷಿನಲ್ಲಿ ಮರ್ಯಾದೆ ಕ್ರಿಯಾಪದದಲ್ಲಿ ಇರುವುದಿಲ್ಲ ಎಂದು ಸಾಮಾನ್ಯವಾಗಿ ಹೇಳಿಬಿಡುತ್ತಾರೆ. ಒಂದು ಕಡೆ ಇದೆ. ಎದುರಿಗಿರುವವರು ಒಬ್ಬರೇ ಆದರೂ ‘ಯು ಆರ್’ ಎನ್ನುತ್ತಾರೆ, ‘ಯು ಈಸ್’ ಎನ್ನುವುದಿಲ್ಲ. ಹಿಂದೆ ಇಂಗ್ಲಿಷಿನಲ್ಲೂ ನೀನು, ನೀವು ಎಂಬ ಭೇದವಿತ್ತು: ಒಬ್ಬನಿಗೆ ‘ದೌ ಆರ್ಟ್’, ಹಲವರಿಗೆ ಮತ್ತು ಗೌರವದವರಿಗೆ ‘ಯು ಆರ್’. ಬರಬರುತ್ತಾ ಎಲ್ಲರಿಗೂ ‘ನೀವು’ ಎನ್ನುವುದೇ ರೂಢಿಯಾಗಿ ‘ನೀನು’ ಮರೆಯಾಯಿತು. ಆ ಬಹುವಚನದ ‘ಆರ್’ ಇಂದಿಗೂ ಉಳಿದಿದೆ. ‘ನೀವು ಇದ್ದೀರಿ’ ಎಂಬುದರ ಪಕ್ಕದಲ್ಲಿ ಇದನ್ನಿಟ್ಟು ಹೇಳಿದರೆ ಐದನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ.

‘ಒನ್ ಆಫ್ ಮೈ ಫ್ರೆಂಡ್ಸ್ ಆರ್’ ಎಂಬ ತಪ್ಪಂತೂ ಪದವೀಧರರನ್ನೂ ಬಿಟ್ಟಿಲ್ಲ. ‘ನನ್ನ ಗೆಳೆಯರಲ್ಲಿ ಒಬ್ಬ ಬಂದಿದ್ದಾನೆ’ ಎನ್ನುವಾಗ ಕನ್ನಡದಲ್ಲಿ ‘ಒಬ್ಬ’ ಕ್ರಿಯಾಪದದ ಪಕ್ಕದಲ್ಲೇ ಕೂತಿರುವುದರಿಂದ ಎಡವುವ ಭಯವಿಲ್ಲ. ಇಂಗ್ಲಿಷಿನಲ್ಲಿ ‘ಒನ್’ ದೂರ ಉಳಿದು ‘ಫ್ರೆಂಡ್ಸ್’ ಪಕ್ಕಕ್ಕೆ ಬಂದಿರುತ್ತದೆ, ಕಿವಿ ಹತ್ತಿರದ್ದನ್ನೇ ನಂಬುತ್ತದೆ. ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡರೆ ‘ಬಂದಿದ್ದಾನೆ’ ಎಂದು ತಾನೇ ಬರುತ್ತದೆ, ಆಗ ‘ಹ್ಯಾಸ್’ ತಪ್ಪುವುದಿಲ್ಲ. ‘ಎವ್ರಿಒನ್ ಹ್ಯಾಸ್’ ವಿಷಯದಲ್ಲಿ ಇದೇ ಉಪಾಯ ಕೈಕೊಡುತ್ತದೆ, ಏಕೆಂದರೆ ನಮ್ಮ ‘ಎಲ್ಲರೂ’ ಬಹುವಚನ. ‘ಪ್ರತಿಯೊಬ್ಬನೂ’ ಎಂದು ಅರ್ಥ ಹೇಳಿಕೊಟ್ಟರೆ ಸರಿಹೋಗುತ್ತದೆ.

ಇಂಗ್ಲಿಷ್ ತಾಯ್ನುಡಿಯ ಮಕ್ಕಳಿಗೂ ಈ ಭಾಗ ತಡವಾಗಿಯೇ ಒಗ್ಗುತ್ತದೆ. ಅಮೆರಿಕದ ಮನೋವಿಜ್ಞಾನಿ ರೋಜರ್ ಬ್ರೌನ್ ಮೂರು ಮಕ್ಕಳ ಮಾತನ್ನು ಎಳೆತನದಿಂದ ದಾಖಲಿಸಿಕೊಂಡು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿನಾಲ್ಕು ವ್ಯಾಕರಣಾಂಶಗಳು ಯಾವ ಕ್ರಮದಲ್ಲಿ ಕೈವಶವಾಗುತ್ತವೆ ಎಂದು ತೋರಿಸಿದರು. ಬಹುವಚನದ ‘ಎಸ್’ ನಾಲ್ಕನೆಯದು. ಕ್ರಿಯಾಪದದ ‘ಎಸ್’ ಹತ್ತನೆಯದು. ‘ಡಸ್’, ‘ಹ್ಯಾಸ್’ಗಳಂಥವು ಅದಕ್ಕೂ ಆಮೇಲೆ, ಹೆಲ್ಪಿಂಗ್ ವರ್ಬಾಗಿ ಬರುವ ‘ಈಸ್’, ‘ಆರ್’ ಪಟ್ಟಿಯ ತುದಿಯಲ್ಲಿ. ಹಗಲಿಡೀ ಇಂಗ್ಲಿಷೇ ಕಿವಿಗೆ ಬೀಳುವ ಮನೆಯ ಮಕ್ಕಳೇ ಕೊನೆಗೆ ಕಲಿಯುವುದನ್ನು, ದಿನಕ್ಕೊಂದು ಪಿರಿಯಡ್ಡಿನಲ್ಲಿ ಮಾತ್ರ ಇಂಗ್ಲಿಷ್ ಕೇಳುವ ಯಲ್ಲಾಪುರದ ಕಾಡಂಚಿನ ಮಗು ಮೊದಲ ಪಾಠದಲ್ಲೇ ಕಲಿಯಬೇಕೆಂದು ಬಯಸುವುದು ನ್ಯಾಯವಲ್ಲ. ‘ಡು’ ಎಂಬುದು ಇಂಗ್ಲಿಷಿಗೂ ಆದಿಯಿಂದ ಬಂದದ್ದಲ್ಲ. ಇಲ್ಲ ಎನ್ನಲು, ಪ್ರಶ್ನೆ ಕೇಳಲು ಅದನ್ನು ಬಳಸುವ ರೂಢಿ ಬೆಳೆದದ್ದು ಮುಖ್ಯವಾಗಿ 15ರಿಂದ 17ನೇ ಶತಮಾನದ ನಡುವೆ. ಅದಕ್ಕೂ ಮೊದಲು ‘ಐ ನೋ ನಾಟ್’ ಎಂದರೆ ಸಾಕಾಗಿತ್ತು, ಷೇಕ್ಸ್‌ಪಿಯರನ ಕಾಲದಲ್ಲಿ ಎರಡೂ ನಡೆಯುತ್ತಿದ್ದವು.

ಒಂದು ಭಾಷೆಯನ್ನು ಇನ್ನೊಂದರ ಬೆಳಕಿನಲ್ಲಿ ನೋಡುವುದು ಉತ್ತರ ಕನ್ನಡಕ್ಕೆ ಹೊಸ ಕೆಲಸವೂ ಅಲ್ಲ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಮುಗಿಸಿದ. ಕನ್ನಡದ ವ್ಯಾಕರಣ, ಬರೆದದ್ದು ಸಂಸ್ಕೃತದಲ್ಲಿ, 592 ಸೂತ್ರಗಳು, ಅದಕ್ಕೆ ತನ್ನದೇ ವ್ಯಾಖ್ಯಾನ. ಕನ್ನಡವೂ ಶಾಸ್ತ್ರಕ್ಕೆ ತಕ್ಕ ಭಾಷೆ ಎಂದು ಸಂಸ್ಕೃತ ಬಲ್ಲವರಿಗೆ ಅವರ ಭಾಷೆಯಲ್ಲೇ ವಾದಿಸಿ ತೋರಿಸಿದ. ಗೊತ್ತಿರುವುದರ ಮೂಲಕ ಗೊತ್ತಿಲ್ಲದ್ದನ್ನು ತಿಳಿಸುವ ದಾರಿ ಅದು.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬರಕೂಡದು ಎಂಬ ನಿಲುವಿಗೂ ಅದರದೇ ಕಾರಣವಿದೆ. ಕನ್ನಡಕ್ಕೆ ಬಾಗಿಲು ತೆರೆದರೆ ಇಡೀ ಪಿರಿಯಡ್ಡು ಅನುವಾದದಲ್ಲೇ ಕಳೆದು, ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳುವುದೇ ಇಲ್ಲ ಎಂಬುದು ಆ ಕಾರಣ. ಅದು ಸುಳ್ಳಲ್ಲ, ಪಾಠದ ಸಾಲುಸಾಲನ್ನೂ ಕನ್ನಡಕ್ಕೆ ತಿರುಗಿಸಿ ಬರೆಸಿ ಕೈತೊಳೆದುಕೊಳ್ಳುವ ತರಗತಿಗಳು ಇವೆ. ಇಲ್ಲಿ ಕೇಳುತ್ತಿರುವುದು ಅದನ್ನಲ್ಲ. ಕೇಳುವುದು, ಮಾತನಾಡುವುದು, ಕಥೆ ಓದುವುದು ಎಲ್ಲವೂ ಇಂಗ್ಲಿಷಿನಲ್ಲೇ ನಡೆಯಲಿ. ‘ಡಸ್’ ಬಂದ ದಿನ, ‘ಮಸ್ಟ್’ ಬಂದ ದಿನ, ‘ಯು ಆರ್’ ಬಂದ ದಿನ ಹತ್ತು ನಿಮಿಷ ಮಾತ್ರ ಬೋರ್ಡಿನ ಅರ್ಧ ಕನ್ನಡಕ್ಕೆ ಸಿಗಲಿ. ಶಿಕ್ಷಕರ ಕೈಪಿಡಿಯಲ್ಲಿ ಆ ಹತ್ತು ನಿಮಿಷಕ್ಕೆ ಬೇಕಾದ ವಾಕ್ಯಗಳು ಅಚ್ಚಾಗಿರಲಿ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ ಬೆಂಗಳೂರಿನಲ್ಲಿ ಒಂದು ಪ್ರಾದೇಶಿಕ ಸಂಸ್ಥೆ ಇದೆ, ಜಿಲ್ಲೆಗಳಲ್ಲಿ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಇವೆ. ಇಂಥ ಕೈಪಿಡಿ ಬರೆಯಲು ಬೇರೆಲ್ಲಿಂದಲೋ ತಜ್ಞರನ್ನು ಕರೆಸಬೇಕಿಲ್ಲ. ಎರಡೂ ಭಾಷೆ ಬಲ್ಲ ನಾಲ್ಕು ಜನ ಅನುಭವಿ ಮಾಸ್ತರು-ಅಕ್ಕೋರು ಒಂದು ಬೇಸಿಗೆ ರಜೆಯಲ್ಲಿ ಕೂತರೆ ಆಗುವ ಕೆಲಸ.

ಹಾಗೆ ಬರೆಯುವಾಗ ಒಂದು ಎಚ್ಚರ ಬೇಕು. ಯಲ್ಲಾಪುರದ ತರಗತಿಯಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲ. ಸಿದ್ದಿ ಮಕ್ಕಳ ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಕೆಲವರ ಮನೆಯಲ್ಲಿ ಮರಾಠಿ. ಮರಾಠಿಯಲ್ಲಿ ‘ಮೀ ಆಂಬಾ ಖಾಲ್ಲಾ, ಮೀ ಪೋಳೀ ಖಾಲ್ಲೀ’ — ತಿಂದವನು ಒಬ್ಬನೇ ಆದರೂ ಮಾವಿನಹಣ್ಣಿಗೆ ಒಂದು ರೂಪ, ಹೋಳಿಗೆಗೆ ಇನ್ನೊಂದು. ಅಲ್ಲಿ ಭೂತಕಾಲದ ಕ್ರಿಯಾಪದ ತಿಂದವನನ್ನು ಬಿಟ್ಟು ತಿಂದ ವಸ್ತುವನ್ನು ಅನುಸರಿಸುತ್ತದೆ. ಕನ್ನಡವನ್ನು ಮಾತ್ರ ಬೋರ್ಡಿಗೆ ಏರಿಸಿದರೆ ಈ ಮಕ್ಕಳು ಇಂಗ್ಲಿಷಿಗೂ ಹೊರಗಿನವರು, ವಿವರಣೆಗೂ ಹೊರಗಿನವರು ಆಗುತ್ತಾರೆ. ಆದ್ದರಿಂದ ಮಾತು ಪ್ರಶ್ನೆಯಿಂದ ಶುರುವಾಗಲಿ: ‘ತಂಗಿ ಮಾವಿನಹಣ್ಣು ತಿಂದಿದ್ದಾಳೆ’ ಎಂಬುದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಹವ್ಯಕರ ಮಾಣಿ ಒಂದು ಹೇಳುತ್ತಾನೆ, ಸಿದ್ದಿ ಹುಡುಗಿ ಇನ್ನೊಂದು ಹೇಳುತ್ತಾಳೆ, ಮರಾಠಿ ಮನೆಯ ಹುಡುಗ ಮತ್ತೊಂದು. ಮೂರನ್ನೂ ಒಂದರ ಕೆಳಗೊಂದು ಬರೆದು, ಕೊನೆಗೆ ‘ಮೈ ಸಿಸ್ಟರ್ ಹ್ಯಾಸ್ ಈಟನ್ ಅ ಮ್ಯಾಂಗೊ’ ಎಂದು ಬರೆದು, ಸೀಮೆಸುಣ್ಣವನ್ನು ಮಕ್ಕಳ ಕೈಗೇ ಕೊಡಬೇಕು. ಪ್ರತಿ ಸಾಲಿನಲ್ಲೂ ತಂಗಿಯನ್ನು ಹಿಂಬಾಲಿಸುತ್ತಿರುವ ಕ್ರಿಯೆ ಯಾವುದು, ಹಣ್ಣನ್ನು ಹಿಂಬಾಲಿಸುತ್ತಿರುವುದು ಯಾವುದು, ಯಾರನ್ನೂ ಹಿಂಬಾಲಿಸದೆ ನಿಂತಿರುವುದು ಯಾವುದು ಎಂದು ಅವರೇ ಸುತ್ತು ಹಾಕಿ ಗುರುತು ಮಾಡಲಿ.